ನಾನೇ ಎರೆದ ಮೇಣದಬತ್ತಿಗಳು

ಸಾನ್ ಎವೊದಿಯೊ, ಓಹಾಕಾ
ಫೆಬ್ರುವರಿ ೧೯

ಪ್ರೀತಿಯ ಎಲೊದಿಯಾ ಅಕ್ಕನಿಗೆ,

ಅಕ್ಷರ ಸೊಟ್ಟಗಿದೆ, ತಪ್ಪುಗಳೂ ಇರುತ್ತವೆ, ಬೈಯಬೇಡ. ಮೂರನೇ ತರಗತಿ ಬಿಟ್ಟ ಮೇಲೆ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ಹೋದ ವರ್ಷ ತಿಹುವಾನಾದಿಂದ ನೀನು ಕಳಿಸಿದ ಕಾರ್ಡಿನ ವಿಳಾಸಕ್ಕೇ ಹಾಕುತ್ತಿದ್ದೇನೆ. ನೀನು ಅಲ್ಲೇ ಇದ್ದೀಯೋ ಇಲ್ಲವೋ ಗೊತ್ತಿಲ್ಲ.

ನಾನು ದೊನ್ಯಾ ತಿಯೋದುಲಾ ಅವರ ಹತ್ತಿರ ಮೇಣದಬತ್ತಿ ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಯಿತು. ಹೆಣ್ಣು ಕೇಳಲು ಹೋಗುವವರು ಹೊತ್ತೊಯ್ಯುವ ಎದೆಯೆತ್ತರದ ಮೇಣದಬತ್ತಿಗಳಿಗೆ ನಾನೇ ಹೂ ಮಾಡುತ್ತೇನೆ. ಅಚ್ಚನ್ನು ಮೇಣದಲ್ಲಿ ಅದ್ದಿ, ನೀರಲ್ಲಿ ಬಿಟ್ಟು, ಒಂದೊಂದೇ ಎಸಳು ಬಿಡಿಸಿ ಅಂಟಿಸುವ ಆ ಹೊತ್ತಿನಲ್ಲಿ ನನಗೆ ಯಾರ ಜೊತೆಯೂ ಮಾತಾಡಬೇಕಾಗುವುದಿಲ್ಲ. ಅದು ನನಗೆ ಇಷ್ಟ.

ಜನವರಿಯಲ್ಲಿ ಅಂಥ ಹನ್ನೆರಡು ಮೇಣದಬತ್ತಿ ಬೇಕೆಂದು ಯಾರೋ ಹೇಳಿಹೋದರು. ಯಾರ ಮನೆಗೆ ಎಂದು ದೊನ್ಯಾ ಅವರನ್ನು ಕೇಳಿದೆ. "ನಿಂಗ್ಯಾಕೇ ಅದು? ಕೈ ಆಡಿಸು," ಅಂದರು. ಆಮೇಲೆ ಒಂದು ದಿನ, "ನಿಂದೇ ಆಗಿದ್ರೆ ಯಾವ ಹೂ ಇಡಿಸ್ತಿದ್ದೆ, ಹೇಳು ನೋಡೋಣ," ಅಂದರು. ಸಣ್ಣ ಬಿಳಿ ಹೂ ಸಾಕು, ಜೋಡಿಹಕ್ಕಿ ಬೇಡ, ನೋಡಿದರೆ ನಗು ಬರುತ್ತದೆ ಎಂದೆ. "ಹಂಗಾದ್ರೆ ಹಂಗೇ ಮಾಡು."

ಗಿರಣಿಗೆ ಮೆಕ್ಕೆಜೋಳ ಬೀಸಿಸಲು ಹೋದಾಗ ಹೆಂಗಸರು, "ಹೂ ಎಲ್ಲಿಗೆ ಬಂತೇ, ಒತೀಲಿಯಾ? ಬೇಗ ಮುಗಿಸೇ, ಮದುಮಗಳು ಕಾಯ್ತಾವ್ಳಂತೆ," ಎಂದು ನಗುತ್ತಿದ್ದರು. ನಾನೂ ನಕ್ಕೆ.

ಭಾನುವಾರ ಹೆಣ್ಣು ಕೇಳಲು ನಮ್ಮ ಮನೆಗೇ ಬಂದರು. ಬ್ರೆಡ್ಡಿನ ಬುಟ್ಟಿ, ಚಾಕಲೇಟು, ಕಾಲು ಕಟ್ಟಿದ ಟರ್ಕಿ ಕೋಳಿಗಳು. ಎಲ್ಲರ ಮುಂದೆ ಮೇಣದಬತ್ತಿಗಳು. ಬಿಳಿ ಹೂ, ಹಕ್ಕಿ ಇಲ್ಲ. ಒಂದು ಎಸಳಿನ ಮೇಲೆ ನನ್ನ ಹೆಬ್ಬೆರಳಿನ ಗುರುತಿತ್ತು. ಬಂದವನು ಎವಾರಿಸ್ತೊ. ಆರು ವರ್ಷದ ಹಿಂದೆ ನಿನ್ನನ್ನು ಕೇಳಲು ಬಂದಿದ್ದನಲ್ಲ, ಅವನೇ.

ಅಪ್ಪ ನನ್ನ ಮುಖ ನೋಡಲಿಲ್ಲ. "ಒಬ್ಬಳು ಓಡೋದ್ಳು. ಮಾತಿಗೆ ನಿಲ್ಲದ ಮನೆ ಅನ್ನಿಸ್ಕೊಂಡಿದ್ದು ಸಾಕು. ಹಚ್ಚಿ," ಅಂದ. ಮೇಣದಬತ್ತಿ ಹಚ್ಚಿದರು, ಅಲ್ಲಿಗೆ ಒಪ್ಪಿಗೆ ಆದ ಹಾಗೆ. ಎವಾರಿಸ್ತೊನ ತಾಯಿ ನನ್ನ ಕೆನ್ನೆ ಸವರಿ, "ಈ ಸಲ ಹಿತ್ತಲ ಬಾಗ್ಲಲ್ಲಿ ನಮ್ಮೋರನ್ನೇ ಕೂರಿಸ್ತೀವಿ ಬೀಗ್ರೇ," ಅಂದಳು. ಎಲ್ಲರೂ ಗೊಳ್ಳೆಂದು ನಕ್ಕರು.

ಅವನು ಕೆಟ್ಟವನಲ್ಲ. ಊಟದ ಹೊತ್ತಿಗೆ ಎರಡು ಸಲ ನನ್ನನ್ನು ನಿನ್ನ ಹೆಸರಿನಿಂದ ಕರೆದ. ಯಾರೂ ತಿದ್ದಲಿಲ್ಲ, ನಾನೂ ತಿದ್ದಲಿಲ್ಲ. ಮದುವೆಯಾದ ಮೇಲೆ ಮೇಣದ ಕೆಲಸಕ್ಕೆ ಹೋಗುವ ಹಾಗಿಲ್ಲವಂತೆ. ಅವರ ಮನೆಯಲ್ಲಿ ಮಗ್ಗವಿದೆ.

ನಿನಗೆ ನೆನಪಿರಬಹುದು, ಹನ್ನೆರಡೂ ಒಂಬತ್ತು ದಿನ ದೇವರ ಮುಂದೆ ಉರಿಯಬೇಕು. ಒಂದು ತಾನಾಗಿ ಆರಿದರೂ ದೇವರೇ ಬೇಡವೆಂದ ಹಾಗೆ. ಬುಟ್ಟಿಗಳು ವಾಪಸು ಹೋಗುತ್ತವೆ, ಯಾರ ಮೇಲೂ ಮಾತು ಬರುವುದಿಲ್ಲ. ಯಾವುದೂ ಆರದ ಹಾಗೆ ಅವ್ವ ಕುರ್ಚಿ ಹಾಕಿಕೊಂಡು ಕಾಯುತ್ತಾಳೆ. ನಾನೂ ಕಾಯುತ್ತೇನೆ, ಬೇರೆಯದಕ್ಕೆ. ಆದರೆ ಬತ್ತಿಯ ನೂಲನ್ನು ಬಿಗಿಯಾಗಿ ಹೊಸೆದಿದ್ದೇನೆ, ಮೇಣವನ್ನು ಮೂರು ಸಲ ಸೋಸಿದ್ದೇನೆ. ಗಾಳಿ ಬಂದರೂ ಉರಿ ಅಲುಗುವುದಿಲ್ಲ. ಇಷ್ಟು ಒಳ್ಳೆಯ ಕೆಲಸವನ್ನು ನಾನು ಹಿಂದೆ ಮಾಡಿರಲಿಲ್ಲ.

ನೀನು ಹೋದ ದಿನ ಹಿತ್ತಲ ಅಗುಳಿ ತೆಗೆದವಳು ನಾನೆಂದು ಇಂದಿಗೂ ಯಾರಿಗೂ ಹೇಳಿಲ್ಲ. ಹನ್ನೆರಡು ವರ್ಷದವಳು, ಆಟವೆಂದುಕೊಂಡಿದ್ದೆ. ನಿನ್ನ ಮೇಲೆ ಕೋಪವಿಲ್ಲ. ನಿನ್ನಿಂದ ಏನನ್ನೂ ಕೇಳುತ್ತಲೂ ಇಲ್ಲ. ನನಗೆ ಅಗುಳಿ ತೆಗೆಯಲು ಈ ಮನೆಯಲ್ಲಿ ಇನ್ನೊಬ್ಬ ತಂಗಿ ಇಲ್ಲ, ಅಷ್ಟೇ.

ಚಳಿಗೆ ಬೆಚ್ಚಗಿರು.

ನಿನ್ನ ತಂಗಿ,
ಒತೀಲಿಯಾ

ಇನ್ನೊಂದು ಮಾತು. ಇವತ್ತು ಐದನೇ ದಿನ. ಬೆಳಿಗ್ಗೆ ಎದ್ದು ಬಂದಾಗ ಎಡಗಡೆಯ ಕೊನೆಯ ಮೇಣದಬತ್ತಿ ಆರಿತ್ತು. ಇನ್ನೂ ಹೊಗೆ ಏಳುತ್ತಿತ್ತು. ಬೇರೆ ಯಾರೂ ಎದ್ದಿರಲಿಲ್ಲ. ಅವ್ವ ಕುರ್ಚಿಯಲ್ಲೇ ನಿದ್ದೆ ಹೋಗಿದ್ದಳು, ನೀನು ಬಿಟ್ಟುಹೋದ ಶಾಲು ಹೊದ್ದು. ಸ್ವಲ್ಪ ಹೊತ್ತು ನಿಂತು ನೋಡಿದೆ. ಆಮೇಲೆ ಪಕ್ಕದ್ದರಿಂದ ಉರಿ ತಗೊಂಡು ಅದನ್ನು ಹಚ್ಚಿಟ್ಟೆ.