ಮೌಲಾಲಿಯ ನಡೆ ಯಾರ ಸ್ವತ್ತು?

ವಡಗಾವಿ, ಬೆಳಗಾವಿ
ಇಸವಿ ೨೧೬೪, ಶ್ರಾವಣದ ಎರಡನೇ ಮಂಗಳವಾರ

ನಮಗಿಂತ ಮೊದಲು ಫುಟ್‌ಬಾಲ್ ನೋಡಿ ಹೋದ ಹಿರಿಯರಿಗೆ ಬನವ್ವ ಸೊಂಟಕ್ಕಿ ಮಾಡುವ ಶರಣು.

ಮೇಲಿನ ಇಸವಿ ಕೈತಪ್ಪಿನಿಂದ ಬಿದ್ದದ್ದಲ್ಲ. ನಾನು ನಿಮ್ಮ ಮರಿಮಕ್ಕಳ ಮಕ್ಕಳ ಕಾಲದವಳು. ಪತ್ರ ಹಿಂದಿನ ಕಾಲಕ್ಕೆ ಹೇಗೆ ಸಾಗುತ್ತದೆ ಎಂಬುದನ್ನು ಅಂಚೆಯ ಹುಡುಗಿ ಎರಡು ಸಲ ಬಿಡಿಸಿ ಹೇಳಿದಳು. ನನಗೆ ಎರಡು ಸಲವೂ ತಿಳಿಯಲಿಲ್ಲ. ತಲುಪುತ್ತದೆ ಎಂದಳು, ನಂಬಿದೆ. ನನ್ನ ಬರಹದಲ್ಲಿ ನಿಮಗೆ ಗೊತ್ತಿಲ್ಲದ ಕೆಲವು ಶಬ್ದಗಳು ಬರುತ್ತವೆ. ಬಂದಲ್ಲೇ ಅರ್ಥ ಹೇಳುತ್ತೇನೆ. ಆದರೂ ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಿಮ್ಮ ಕಾಲದ ಅಭಿಮಾನಿಗಳು ತಮ್ಮ ತಮ್ಮ ತಂಡಗಳ ಬಗ್ಗೆ ಬರೆದದ್ದನ್ನು ನಾವು ಈಗಲೂ ಓದುತ್ತೇವೆ. ಮಾಲೀಕ ಸರಿಯಿಲ್ಲ, ತಂಡಕ್ಕೆ ದೊಡ್ಡ ಆಸೆಯೇ ಇಲ್ಲ, ಒಳ್ಳೆಯ ಆಟಗಾರರನ್ನು ಉಳಿಸಿಕೊಳ್ಳುವುದು ಗೊತ್ತಿಲ್ಲ ಎಂದು ಪಂದ್ಯ ಮುಗಿದ ಮೇಲೂ ಗಂಟೆಗಟ್ಟಲೆ ಜಗಳಾಡಿದ್ದೀರಿ. ಓದುವಾಗ ನನಗೆ ನಮ್ಮಣ್ಣ ಗುರುಪಾದನ ದನಿಯೇ ಕೇಳಿಸುತ್ತದೆ. ಅವನೂ ನಾನೂ ಒಂದು ಕಾಲಕ್ಕೆ ಇದೇ ಮಾತಿಗೆ ಮುಖ ತಿರುಗಿಸಿಕೊಂಡವರು. ಆ ಸಂಗತಿಯನ್ನೇ ನಿಮಗೆ ಹೇಳಬೇಕಾಗಿದೆ.

ವಡಗಾವಿ ನಿಮ್ಮ ಕಾಲದಲ್ಲೂ ನೇಕಾರರ ಓಣಿ, ಈಗಲೂ ನೇಕಾರರ ಓಣಿ. ಆದರೆ ನಮ್ಮ ಮಗ್ಗಗಳಲ್ಲಿ ಸೀರೆ ಅಪರೂಪ. ನಾವು ನೇಯುವುದು ನೆರಳುಬಟ್ಟೆ. ಬೀದಿಗಳ ಮೇಲೆ, ಸಂತೆಯ ಮೇಲೆ, ಶಾಲೆಯ ಅಂಗಳದ ಮೇಲೆ ಎತ್ತರಕ್ಕೆ ಹಾಸಿ ಕಟ್ಟುವ ಈ ಬಟ್ಟೆ ಬಿಸಿಲನ್ನು ಸೋಸುತ್ತದೆ, ಗಾಳಿಯನ್ನು ಒಳಗೆ ಬಿಡುತ್ತದೆ. ಬಿಸಿಲೇರಿದ ಮೇಲೆ ಓಡುವುದು ನಮ್ಮಲ್ಲಿ ಸಾಧ್ಯವಿಲ್ಲದ ಮಾತು. ಹಾಗಾಗಿ ಪಂದ್ಯಗಳೆಲ್ಲ ಮೂಡಣ ಕೆಂಪಾಗುವಾಗ ಶುರುವಾಗಿ, ಊರು ರೊಟ್ಟಿ ಬಡಿಯುವ ಹೊತ್ತಿಗೆ ಮುಗಿಯುತ್ತವೆ. ಭಾನುವಾರ ಬೆಳಗ್ಗೆ ನಮ್ಮ ಮೈದಾನಕ್ಕೆ ಬಂದರೆ ಚುರುಮುರಿಯ ವಾಸನೆ, ಚಹಾದ ವಾಸನೆ, ಒದ್ದೆ ಮಣ್ಣಿನ ವಾಸನೆ ಎಲ್ಲ ಒಂದರಲ್ಲೊಂದು ಬೆರೆತಿರುತ್ತವೆ. ತಂಡದ ಹೆಸರು ವಡಗಾವಿ ನೇಕಾರ ಸಂಘ. ಅಂಗಿ ನೀಲಿ, ಅಂಚು ಹಳದಿ.

ಸಂಘಕ್ಕೆ ಒಬ್ಬ ಮಾಲೀಕನಿಲ್ಲ. ಪ್ರತಿಯೊಬ್ಬ ಸದಸ್ಯನಿಗೂ ಒಂದು ‘ಎಳೆ’ ಇರುತ್ತದೆ. ಪಾಲು ಎನ್ನುವುದಕ್ಕೆ ನಮ್ಮ ಶಬ್ದ ಅದು. ಸಿರಿವಂತನಿಗೂ ಒಂದೇ ಎಳೆ, ನೂಲು ಸುತ್ತುವವಳಿಗೂ ಒಂದೇ. ಒಬ್ಬೊಬ್ಬರೇ ಅದನ್ನು ಮಾರುವ ಹಾಗಿಲ್ಲ. ಮೈದಾನಕ್ಕೆ ಬರುವುದನ್ನು ಬಿಟ್ಟವರ ಎಳೆ ತಾನಾಗಿಯೇ ಕಡಿದುಹೋಗುತ್ತದೆ. ಆದರೆ ಎಲ್ಲರೂ ಸೇರುವ ಸಭೆಯಲ್ಲಿ ಅರ್ಧಕ್ಕಿಂತ ಹೆಚ್ಚು ಕೈ ಎದ್ದರೆ ಇಡೀ ಸಂಘವನ್ನೇ ಬೇರೆಯವರಿಗೆ ಕೊಡಬಹುದು. ಆ ಸಭೆಗೆ ನಾವು ‘ಕಟ್ಟೆ’ ಎನ್ನುತ್ತೇವೆ. ಕಟ್ಟೆಯಲ್ಲಿ ಮಾತು ಮುಗಿಯದೆ ಯಾರೂ ಏಳುವಂತಿಲ್ಲ.

ಈಗ ಮೌಲಾಲಿಯ ವಿಷಯ. ಮೌಲಾಲಿ ನದಾಫ ನಮ್ಮ ಓಣಿಯವನೇ. ಅವನ ತಾಯಿ ಹುಸೇನಬಿ ನನ್ನ ಪಕ್ಕದ ಮಗ್ಗದಲ್ಲಿ ಕೂಡುವವಳು. ಅವನು ಮೈದಾನದ ನಡುವೆ ಆಡುತ್ತಿದ್ದ. ಅಂಥ ವೇಗವೇನೂ ಇರಲಿಲ್ಲ. ಆದರೆ ಚೆಂಡು ಕಾಲಿಗೆ ಬಂದಾಗ ಓಡುತ್ತಲೇ ಅರೆಕ್ಷಣ ನಿಲ್ಲುತ್ತಿದ್ದ, ಹಿಂದೆ ಏನೋ ಬಿಟ್ಟುಬಂದವನ ಹಾಗೆ. ಎದುರಿನವನೂ ತಿಳಿಯದೆ ನಿಂತುಬಿಡುತ್ತಿದ್ದ. ಅಷ್ಟರಲ್ಲಿ ಮೌಲಾಲಿ ಅವನನ್ನು ದಾಟಿರುತ್ತಿದ್ದ. ಗೊತ್ತಿದ್ದೂ ಗೊತ್ತಿದ್ದೂ ಎಲ್ಲರೂ ಮೋಸಹೋಗುತ್ತಿದ್ದರು. ಅವನು ಆ ಕಡೆಯಿಂದ ಈ ಕಡೆಗೆ ಹೊರಳುವಾಗ ನಮ್ಮ ಇಡೀ ಮೈದಾನ ಒಮ್ಮೆಲೇ ಉಸಿರೆಳೆದುಕೊಳ್ಳುವುದು ಕೇಳಿಸುತ್ತಿತ್ತು.

ನಮ್ಮ ಕಾಲದಲ್ಲಿ ಆಟಗಾರನ ಅಂಗಿಯೊಳಗೆ ಒಂದು ತೆಳು ತಂತು ಇರುತ್ತದೆ. ಅವನ ಓಟ, ಹೊರಳು, ಉಸಿರು, ತೂಕ ಯಾವ ಪಾದದ ಮೇಲೆ ಎಷ್ಟು ಬೀಳುತ್ತದೆ ಎಂಬುದು, ಎಲ್ಲವೂ ಅದರಲ್ಲಿ ಉಳಿಯುತ್ತವೆ. ಹಾಗೆ ಉಳಿದದ್ದಕ್ಕೆ ಆಟಗಾರನ ‘ನಡೆ’ ಎಂದು ಹೆಸರು. ದೊಡ್ಡ ತಂಡಗಳಲ್ಲಿ ಅಭ್ಯಾಸದ ಅಂಗಿ ತೊಡಿಸಿ ಒಬ್ಬನ ನಡೆಯನ್ನು ಇನ್ನೊಬ್ಬನ ಮೈಗೆ ಕಲಿಸುತ್ತಾರೆ. ಕೆಲವು ತಿಂಗಳಲ್ಲಿ ಅವನ ಸ್ನಾಯುಗಳು ಇವನ ಹಾಗೆಯೇ ಮಿಡಿಯತೊಡಗುತ್ತವೆ. ಯಾವ ತಂಡದ ಅಂಗಿಯಲ್ಲಿ ನಡೆ ದಾಖಲಾಯಿತೋ ಅದು ಆ ತಂಡದ ಸ್ವತ್ತು, ಇದು ಲೀಗಿನ ನಿಯಮ. ನಾವು ಬಡ ಸಂಘದವರು ಅದರ ಕಡೆ ತಲೆ ಹಾಕಿದವರಲ್ಲ. ಮೌಲಾಲಿಯ ನಡೆ ಕಚೇರಿಯ ಮೂಲೆಯಲ್ಲಿ ಸುಮ್ಮನೆ ಬಿದ್ದಿತ್ತು.

ಅಣ್ಣನೂ ನಾನೂ ಮುಖ ತಿರುಗಿಸಿಕೊಂಡ ವರ್ಷ ನಾವು ಎರಡನೇ ದರ್ಜೆಯಲ್ಲಿ ಎರಡನೆಯವರಾಗಿ ಬಂದೆವು. ಇನ್ನೊಂದು ಮೆಟ್ಟಿಲು ಹತ್ತಿದ್ದರೆ ಮೊದಲ ದರ್ಜೆ. ಮೌಲಾಲಿಯ ಒಪ್ಪಂದವೂ ಆಗಲೇ ಮುಗಿಯುತ್ತಿತ್ತು. ಕಲ್ಲಿಕೋಟೆಯ ತಂಡ ಅವನನ್ನು ಕರೆಯುತ್ತಿದೆ ಎಂಬ ಸುದ್ದಿ ಹಬ್ಬಿತ್ತು. ಅದೇ ಹೊತ್ತಿಗೆ ತೇಲೂರಿನಿಂದ ಮೀನಾಕ್ಷಿ ರಾಯ್ಕರ ಎಂಬ ಹೆಣ್ಣುಮಗಳು ಬಂದಳು. ತೇಲೂರೆಂದರೆ ಕಾರವಾರದ ಆಚೆ ಸಮುದ್ರದ ಮೇಲೆ ಕಟ್ಟಿದ ಪಟ್ಟಣ. ಅಲ್ಲಿಯ ವ್ಯಾಪಾರಸ್ಥರ ಮಂಡಳಿ ನಮ್ಮ ಸಂಘವನ್ನು ಕೊಳ್ಳಲು ಸಿದ್ಧವಿತ್ತು. ಹೊಸ ಆಟಗಾರರು, ಕೂಡಲು ಮೆಟ್ಟಿಲುಸಾಲು, ಮೊದಲ ದರ್ಜೆ, ಎಲ್ಲವನ್ನೂ ಕೊಡುತ್ತೇವೆ, ಮೌಲಾಲಿಯನ್ನೂ ಉಳಿಸಿಕೊಳ್ಳುತ್ತೇವೆ ಎಂದರು.

ಅಂದಿನಿಂದ ಓಣಿಯಲ್ಲಿ ಬೇರೆ ಮಾತೇ ಇಲ್ಲ. ಮಗ್ಗದ ಮನೆಯಲ್ಲಿ ಅದೇ, ಚಹಾದಂಗಡಿಯಲ್ಲಿ ಅದೇ, ಮದುವೆಯ ಪಂಕ್ತಿಯಲ್ಲೂ ಅದೇ. ಗುರುಪಾದಣ್ಣ ಕೊಡಬೇಕು ಎನ್ನುವವರ ಮುಂದಾಳು. ನಾನು ಬೇಡ ಎನ್ನುವವರ ಪೈಕಿ. ಒಂದು ಸಂಜೆ ಅವನ ಮನೆಯಲ್ಲಿ ಊಟಕ್ಕೆ ಕೂತಾಗ ಅವನು ರೊಟ್ಟಿ ಮುರಿಯುವುದನ್ನೇ ಬಿಟ್ಟು ಕೇಳಿದ.

“ಬನವ್ವಾ, ಇನ್ನ ಎಷ್ಟು ವರ್ಷ ಹಿಂಗ ಇರೂದ? ನಮ್ಮಪ್ಪ ಎರಡನೇ ದರ್ಜೆ ನೋಡಿ ಸತ್ತ. ನಾನೂ ಅದನ್ನ ನೋಡಿ ಸಾಯ್ಬೇಕೇನು?”

“ಸಂಘ ಅವರ ಕೈಗೆ ಹೋದಮ್ಯಾಲೆ ಅದು ನಮ್ಮದ ಹೆಂಗ ಆಗತೈತಿ ಅಣ್ಣಾ? ಅವರು ಬ್ಯಾಸತ್ತ ದಿನ ಬಾಗಲಾ ಹಾಕ್ತಾರ.”

“ಈಗೇನ ನಮ್ಮ ಕೈಯಾಗ ಐತಿ? ಚಲೋ ಹುಡುಗುರು ಒಬ್ಬೊಬ್ಬರಾಗಿ ಹೋಗೂದನ್ನ ನೋಡೂದು, ಅಷ್ಟ. ಮೌಲಾಲಿನೂ ಹ್ವಾದ ಅಂದ್ರ ನಾ ಮೈದಾನಕ್ಕ ಬರಂಗಿಲ್ಲ ನೋಡು.”

ಅವನ ಕಣ್ಣಲ್ಲಿ ನೀರಿತ್ತು. ಅಣ್ಣ ದುಡ್ಡಿನಾಸೆಯವನಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತು. ತಾನು ಪ್ರೀತಿಸಿದ್ದು ಒಂದು ಸಲವಾದರೂ ಗೆಲ್ಲಲಿ ಎಂಬ ಆಸೆ, ಅಷ್ಟೇ. ನಿಮ್ಮಲ್ಲೂ ಇಂಥವರಿದ್ದಾರೆ. ಅವರನ್ನು ಲೋಭಿಗಳೆಂದು ಬೈಯಬೇಡಿ.

ಕಟ್ಟೆ ಸೇರಿದ ದಿನ ಮೈದಾನದ ನೆರಳುಬಟ್ಟೆಯ ಕೆಳಗೆ ಕಾಲಿಡಲು ಜಾಗವಿರಲಿಲ್ಲ. ಮೀನಾಕ್ಷಿ ರಾಯ್ಕರ ಸರಳವಾಗಿ, ಆಡಂಬರವಿಲ್ಲದೆ ಮಾತಾಡಿದಳು. ಜನ ಅವಳನ್ನು ಮೆಚ್ಚಿದರು; ನಾನೂ ಮೆಚ್ಚಿದೆ. ಆದರೆ ಒಂದು ಮಾತು ನನ್ನೊಳಗೆ ಕೊರೆಯುತ್ತಿತ್ತು. ಎದ್ದು ಕೇಳಿದೆ.

“ತಾಯಿ, ನಿಮ್ಮ ಮಂಡಳಿಗೆ ಬೇಕಾದಷ್ಟು ದೊಡ್ಡ ದೊಡ್ಡ ತಂಡ ಸಿಗತಾವು. ನೇಕಾರ ಮಂದಿ ಸಂಘ ಯಾಕ ಬೇಕಾತರಿ ನಿಮಗ?”

ಅವಳು ಸುತ್ತಿಬಳಸದೆ ಉತ್ತರಿಸಿದಳು. “ಸುಳ್ಳು ಹೇಳುವುದಿಲ್ಲ ಅಕ್ಕ. ಸಂಘ ನಮ್ಮದಾದರೆ ಮೌಲಾಲಿಯವರ ನಡೆಯೂ ನಮ್ಮದಾಗುತ್ತದೆ. ಅಂಥ ನಡೆ ಬೇರೆಲ್ಲೂ ಇಲ್ಲ. ಅವರ ಕಾಲಲ್ಲಿ ಬಲ ಇರುವಷ್ಟು ದಿನ ಅವರು ಇಲ್ಲೇ ಆಡಲಿ. ಆಮೇಲೂ ಅವರ ನಡೆ ನಮ್ಮ ಹುಡುಗರ ಮೈಯಲ್ಲಿ ಆಡುತ್ತಾ ಇರುತ್ತದೆ.”

ಗುರುಪಾದಣ್ಣ ಎದ್ದು ನಿಂತ. ಅವನ ಮುಖ ಅರಳಿತ್ತು. “ಮತ್ತೇನ ಬೇಕ್ರೀ ನಮಗ? ಮೌಲಾಲಿ ಎಂದೂ ನಮ್ಮನ್ನ ಬಿಟ್ಟು ಹೋಗಂಗಿಲ್ಲ! ನಾವು ಸತ್ತಮ್ಯಾಲೂ ವಡಗಾವಿ ಅಂಗಿ ಹಾಕ್ಕೊಂಡು ಆಡತಿರತಾನ!”

ಚಪ್ಪಾಳೆ ಬಿದ್ದವು. ಆಗ ಹೆಂಗಸರ ಸಾಲಿನಲ್ಲಿ ಕೂತಿದ್ದ ಹುಸೇನಬಿ, ಎಂದೂ ಕಟ್ಟೆಯಲ್ಲಿ ಬಾಯಿ ತೆರೆಯದವಳು, ಕೂತಲ್ಲಿಂದಲೇ ಹೇಳಿದಳು. “ಅಂವಾ ಇಲ್ಲೇ ಕುಂತಾನಲ್ರೀ. ಅವನ್ನೊಂದ ಮಾತು ಕೇಳ್ರಲಾ.”

ನಿಜ ಹೇಳುತ್ತೇನೆ, ಅಲ್ಲಿಯವರೆಗೆ ಆ ಕಡೆಯವರಾಗಲಿ ಈ ಕಡೆಯವರಾಗಲಿ ಅವನನ್ನು ಕೇಳಿರಲಿಲ್ಲ. ಮೌಲಾಲಿ ಎದ್ದ. ಮೈದಾನದಲ್ಲಿ ಅಷ್ಟು ಧೈರ್ಯದ ಹುಡುಗ, ಮಾತಿಗೆ ನಿಂತಾಗ ಅಂಗಿಯ ತುದಿ ಹಿಂಡುತ್ತಿದ್ದ.

“ನಾ ಕಲ್ಲಿಕೋಟೆಗೆ ಹೋಗ್ಬೇಕಂತ ಮಾಡೇನ್ರಿ. ನಿಮ್ಮ ಮ್ಯಾಲೆ ಸಿಟ್ಟಿಲ್ಲ. ನನಗಿಂತ ಚಲೋ ಆಡೋರ ನಡುವ ಒಮ್ಮೆ ಆಡಿ ನೋಡೂ ಆಸೆ, ಅಷ್ಟ್ರಿ. ಸಂಘ ಯಾರಿಗೆ ಬೇಕಾದ್ರೂ ಕೊಡ್ರಿ, ಅದು ನಿಮ್ಮದು. ನನ್ನ ನಡಿ ಮಾತ್ರ ನನಗ ಕೊಡ್ರಿ.”

“ಯಾಕೋ ತಮ್ಮಾ?” ಎಂದ ಅಣ್ಣ. “ಉಳದ್ರ ಏನ ಕೆಡಕ ಐತಿ?”

ಮೌಲಾಲಿ ಹಿಂಡುತ್ತಿದ್ದ ಅಂಗಿಯ ತುದಿ ಬಿಟ್ಟ. “ನಮ್ಮ ಅಬ್ಬಾಗ ಒಂದ ಕಾಲು ಊನ ಇತ್ತಲ್ರೀ. ಗಾದಿ ಕಟ್ಟಾಕ ಓಣಿ ಓಣಿ ತಿರಗೂ ಮುಂದ ನಾ ಮುಂದ ಓಡತಿದ್ದೆ. ಅವರು ಹಿಂದ ಬಿದ್ರಂತ ತಿರುಗಿ ನಿಂದರತಿದ್ದೆ, ಮತ್ತ ಓಡತಿದ್ದೆ. ಅದ ರೂಢಿ ಕಾಲಾಗ ಉಳದೈತಿ. ನೀವು ನಡಿ ಅನ್ನೂದು ಅದನ್ನರಿ. ಅದನ್ನ ಯಾರ್ದೋ ಮೈಯಾಗ ತುಂಬೂದು ನನಗ ಬ್ಯಾಡ್ರಿ.”

ಅವನ ತಂದೆಯನ್ನು ಕಂಡವರು ಅಲ್ಲಿ ಬಹಳ ಮಂದಿ ಇದ್ದರು. ಹೆಗಲ ಮೇಲೆ ಹತ್ತಿ ಬಡಿಯುವ ಬಿಲ್ಲು ಹೊತ್ತು, ಒಂದು ಕಾಲು ಎಳೆಯುತ್ತ ಬರುತ್ತಿದ್ದ ಮನುಷ್ಯ. ಆತ ತೀರಿಕೊಂಡು ಬಹಳ ವರ್ಷವಾಗಿತ್ತು. ಹುಸೇನಬಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು; ಮಗನ ಆಟದಲ್ಲಿ ಗಂಡ ಇದ್ದಾನೆಂದು ಅವಳಿಗೂ ಆವರೆಗೆ ಗೊತ್ತಿರಲಿಲ್ಲವಂತೆ.

ಮೊದಲು ನಡೆಯ ಪ್ರಶ್ನೆಗೆ ಕೈ ಎತ್ತಿಸಿದರು. ಅವನದು ಅವನಿಗೆ ಎಂದು ಹೆಚ್ಚು ಕೈಗಳು ಎದ್ದವು. ಬಹಳ ಹೆಚ್ಚಲ್ಲ, ಆದರೆ ಎದ್ದವು. ಮೀನಾಕ್ಷಿ ರಾಯ್ಕರ ಕೈ ಮುಗಿದು, ಹಾಗಾದರೆ ತಮ್ಮ ಮಂಡಳಿಗೆ ಇಲ್ಲಿ ಕೆಲಸವಿಲ್ಲ ಎಂದಳು. ಹೋಗುವ ಮೊದಲು ಹುಸೇನಬಿಯ ಬಳಿ ಕೂತು ಚಹಾ ಕುಡಿದು ಹೋದಳು. ಗುರುಪಾದಣ್ಣ ನನ್ನ ಮುಂದೆ ಬಂದು ನಿಂತ. “ಸಂಘದ ಕುತ್ತಿಗಿ ಹಿಸುಕಿದ್ರಿ ನೀವು,” ಎಂದು ನಡೆದುಬಿಟ್ಟ. ಒಡಹುಟ್ಟಿದವನು ನನಗೆ ಬಹುವಚನ ಹಚ್ಚಿದ್ದು ಅದೇ ಮೊದಲು.

ಅವನು ಹೇಳಿದಂತೆಯೇ ಆಯಿತು. ಮೌಲಾಲಿ ಹೋದ. ಮರುವರ್ಷ ನಾವು ಸೋತೆವು, ಅದರ ಮುಂದಿನ ವರ್ಷ ಮೂರನೇ ದರ್ಜೆಗೆ ಇಳಿದೆವು. ದೊಡ್ಡ ಊರುಗಳ ಮೈದಾನ ಬಿಟ್ಟು ಸಂಪಗಾವಿ, ನೇಸರಗಿ, ಖಾನಾಪುರಗಳ ಕಲ್ಲುನೆಲದ ಮೇಲೆ ಆಡತೊಡಗಿದೆವು. ಅಣ್ಣ ಮೈದಾನಕ್ಕೆ ಬರಲಿಲ್ಲ. ಅವನ ಎಳೆ ಕಡಿದುಹೋಯಿತು. ಮನೆಯ ಗೋಡೆಯ ಮೇಲೆ ಕಲ್ಲಿಕೋಟೆಯ ಪಂದ್ಯ ಹಾಕಿಕೊಂಡು ಒಬ್ಬನೇ ನೋಡುತ್ತಿದ್ದ. ಅತ್ತಿಗೆ ಹೇಳುತ್ತಿದ್ದಳು, ಮೌಲಾಲಿಯ ಕಾಲಿಗೆ ಚೆಂಡು ಬಂದಾಗಲೆಲ್ಲ ಇವನು ಕುರ್ಚಿಯಿಂದ ಏಳುತ್ತಾನಂತೆ. ನಾನು ಅವರ ಮನೆಗೆ ಹೋದರೆ ಹಿತ್ತಲಿಗೆ ಹೋಗುತ್ತಿದ್ದ.

ಮೌಲಾಲಿ ಅಲ್ಲಿ ಚೆನ್ನಾಗಿಯೇ ಆಡಿದ. ನಡೆ ತನ್ನದೇ ಎಂದು ಒಪ್ಪಂದದಲ್ಲಿ ಬರೆಸಿಕೊಂಡೇ ಸೇರಿದ್ದ. ಆಮೇಲೆ ಮೊಣಕಾಲು ಕೆಟ್ಟಿತು, ಆಟ ನಿಂತಿತು. ಅಲ್ಲಿಯೇ ಮದುವೆಯಾಗಿ ಮಕ್ಕಳಿಗೆ ಆಟ ಕಲಿಸುತ್ತ ಉಳಿದ. ಅವನ ನಡೆಗಾಗಿ ಎಷ್ಟೋ ತಂಡಗಳು ಬಾಗಿಲಿಗೆ ಬಂದವು. ಒಂದು ದಿನ ನನಗೆ ಅವನಿಂದ ಸುದ್ದಿ ಬಂತು: “ಬನಕ್ಕಾ, ಕೇಳೋರು ಭಾಳ ಆದ್ರು. ಅಳಿಸಿಬಿಟ್ಟೆ. ನನ್ನ ಓಟ ನನ್ನ ಜೋಡಿನ ಮುಗೀಲಿ. ಗುರುಪಾದಣ್ಣಗ ನೀವ ಹೇಳ್ರಿ.”

ಹೇಳಲು ಹೋದೆ. ಅಣ್ಣ ಹಿತ್ತಲಿಗೆ ಹೋಗಲಿಲ್ಲ. ಕೇಳಿ, ಪಂದ್ಯ ನೋಡುತ್ತಿದ್ದ ಗೋಡೆಯ ಕಡೆ ತಿರುಗಿದ. “ಒಂದ ಓಟಾನಾದ್ರೂ ಉಳಸಬೇಕಿತ್ತಲ್ಲ ಬನವ್ವಾ,” ಎಂದ. “ನೋಡಾಕಂತ ಒಂದಾದ್ರೂ.”

“ನಾವು ನೋಡೇವಲ್ಲಣ್ಣಾ.”

“ನಾವೆಷ್ಟ ದಿನ ಇರತೀವಿ?”

ಅಂದು ಮಧ್ಯಾಹ್ನದ ತನಕ ನಾವಿಬ್ಬರೂ ವಾದ ಮಾಡಿದೆವು. ಮೌಲಾಲಿ ಯಾವ ಪಂದ್ಯದಲ್ಲಿ ಯಾರನ್ನು ಹೇಗೆ ದಾಟಿದ ಎಂಬ ಬಗ್ಗೆಯೂ ವಾದ ಮಾಡಿದೆವು; ಒಂದು ಪಂದ್ಯವೂ ಇಬ್ಬರಿಗೂ ಒಂದೇ ರೀತಿ ನೆನಪಿರಲಿಲ್ಲ. ಅತ್ತಿಗೆ ನಡುನಡುವೆ ಚಹಾ ತಂದಿಟ್ಟು ನಗುತ್ತಿದ್ದಳು. ಮುಂದಿನ ಭಾನುವಾರ ನಸುಕಿನಲ್ಲಿ ಅಣ್ಣ ಮೈದಾನದ ಬಾಗಿಲಲ್ಲಿ ನಿಂತಿದ್ದ, ಹೊಸದಾಗಿ ಎಳೆ ಕೇಳಲು.

ಹಿರಿಯರೇ, ನಿಮ್ಮ ಆಟಗಾರರು ಅಂಗಿಯ ಒಳಗೆ ಒಂದು ಸಣ್ಣ ಬನಿಯನ್ ತೊಡುತ್ತಾರೆ. ಅದು ಅವರ ಓಟವನ್ನೂ ಎದೆಬಡಿತವನ್ನೂ ಎಣಿಸುತ್ತದೆ ಎಂದು ಓದಿದ್ದೇನೆ. ಎಣಿಸಿದ್ದು ಯಾರ ಬಳಿ ಉಳಿಯುತ್ತದೆ ಎಂದು ಈಗಲೇ ಕೇಳಿಡಿ. ನಮ್ಮ ಕಾಲಕ್ಕೆ ಅದು ತಡವಾಗಿರುತ್ತದೆ. ಮಾಲೀಕರ ಬಗ್ಗೆ ಜಗಳಾಡಿ, ಆಸೆ ಸಾಲದೆಂದು ಜಗಳಾಡಿ. ಬೇಡ ಎನ್ನಲಾರೆ, ಜಗಳವಿಲ್ಲದ ಸಂಘವನ್ನು ನಾನೂ ಕಂಡಿಲ್ಲ. ಆದರೆ ಒಬ್ಬನನ್ನು ಉಳಿಸಿಕೊಳ್ಳಬೇಕು ಎಂದು ಮಾತು ಬಂದಾಗ ಅವನನ್ನೂ ಕರೆದು ಕೂಡಿಸಿಕೊಳ್ಳಿ. ಅವನು ಹೇಳಿದ್ದು ನಿಮಗೆ ನೋವಾದರೂ ಪೂರ್ತಿ ಕೇಳಿ. ನನ್ನ ಬೇಡಿಕೆ ಇಷ್ಟೇ.

ನಾವು ಮಾಡಿದ್ದು ಸರಿಯೋ ತಪ್ಪೋ ಎಂದು ನೀವು ಕೇಳಿದರೆ, ನಮ್ಮ ಸಂಘ ಇನ್ನೂ ಮೂರನೇ ದರ್ಜೆಯಲ್ಲಿಯೇ ಇದೆ. ಮೊನ್ನೆ ನೇಸರಗಿಯವರು ನಮ್ಮನ್ನು ನಮ್ಮ ಮೈದಾನದಲ್ಲೇ ಸೋಲಿಸಿ ಹೋದರು. ಇದಕ್ಕೆಲ್ಲ ನಾನೇ ಕಾರಣ ಎಂದು ಗುರುಪಾದಣ್ಣ ಪ್ರತಿ ಭಾನುವಾರವೂ ಹೇಳುತ್ತಾನೆ. ನನ್ನ ಪಕ್ಕದಲ್ಲೇ ಕೂತು ಹೇಳುತ್ತಾನೆ.

ನಿಮ್ಮ,
ಬನವ್ವ ಸೊಂಟಕ್ಕಿ