ಬರಬೇಡಿ ಎಂದಿದ್ದಕ್ಕೆ

ಡೋಣಿ,
25 ಅಕ್ಟೋಬರ್ 2024

ಬೆಟಗೇರಿಯಲ್ಲಿರುವ ನನ್ನ ಯಜಮಾನರಾದ ಯಲ್ಲೇಶ ಅವರಿಗೆ ನಾಗರತ್ನಾಳ ನಮಸ್ಕಾರ.

ನಾನು ಕ್ಷೇಮ. ಸಿಟ್ಟು ಮುಕ್ಕಾಲು ಇಳಿದಿದೆ. ಪಂಚಮಿ ನೆಪದಲ್ಲಿ ತವರಿಗೆ ಬಂದವಳು ದಸರೆ ದಾಟಿದರೂ ಇಲ್ಲೇ ಇದ್ದೇನೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ನಾವು ಅದೆಷ್ಟು ಸಲ ಉಂಡು ಮಲಗಿದೆವೋ, ಬೇರೆ ಬೇರೆ ಊರಲ್ಲಿ! ಓಣಿಯವರು, "ಕರಿಯಾಕ ಇನ್ನೂ ಬಂದಿಲ್ಲೇನವಾ?" ಎಂದು ಕೇಳುತ್ತಾರೆ. ಮಗ್ಗದ ಕೆಲಸ ಬಹಳ ಐತಿ ಎಂದು ನಿಮ್ಮ ಪರವಾಗಿ ಸುಳ್ಳು ಹೇಳುತ್ತೇನೆ.

ನಿನ್ನೆ ಮುಂಡರಗಿಯ ನಮ್ಮ ಶಾಲೆಯಲ್ಲಿ ಒಂಬತ್ತನೇ ತರಗತಿಗೆ 'ಟು ದ ಲೆಟರ್' ಎಂಬ ಇಂಗ್ಲಿಷ್ ನುಡಿಗಟ್ಟು ಕಲಿಸಿದೆ. ಕೊಟ್ಟ ಸೂಚನೆಯನ್ನು ಒಂದಿಷ್ಟೂ ಆಚೀಚೆ ಮಾಡದೆ ಪಾಲಿಸುವುದು ಎಂದರ್ಥ. ಡಾಕ್ಟರು ಹೇಳಿದಂತೆಯೇ ಗುಳಿಗೆ ನುಂಗಿದರೆ ಹಾಗೆನ್ನಬಹುದು ಎಂದೆ. ಇನ್ನೊಂದು ಉದಾಹರಣೆ ಕೇಳಿದಾಗ ಪ್ರಿಯಾ ಎಂಬ ಹುಡುಗಿ ಎದ್ದು ನಿಂತು, "ನಮ್ಮಪ್ಪ ಸಿಟ್ಟಿನ್ಯಾಗ ಬುತ್ತಿ ತರಬ್ಯಾಡ ಅಂತಾನ್ರಿ ಟೀಚರ್. ನಮ್ಮವ್ವ ತಗೊಂಡು ಹೊಲಕ್ಕ ಹೋಗೇ ಹೋಗ್ತಾಳ. ಆಕಿ ಟು ದ ಲೆಟರ್ ಅಲ್ಲಲ್ರಿ?" ಎಂದಳು. ತರಗತಿಯೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ನೀವು ನೆನಪಾದಿರಿ.

ದಿನಾ ಮುಂಡರಗಿ ಬಸ್ಸು ಹತ್ತುವುದು ಸಾಕು, ಕೆಲಸ ಬಿಡಿಸು ಎಂದು ಅತ್ತೆಯವರು ಹೇಳಿದಾಗ "ಆತು ಬೇ" ಎಂದು ತಲೆಯಾಡಿಸಿದಿರಿ. ನಾನು ಬ್ಯಾಗು ತುಂಬಿ, ಕರೆಯಲು ಬರಬೇಡಿ, ಫೋನೂ ಬೇಡ ಎಂದಾಗ ಅದಕ್ಕೂ "ಆತು". ಮೇಲಾಗಿ ಗದಗ ಬಸ್ ಸ್ಟ್ಯಾಂಡಿನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿದು ಕೊಟ್ಟಿರಿ! ನಿಮ್ಮಷ್ಟು ವಿಧೇಯ ವಿದ್ಯಾರ್ಥಿ ನನ್ನ ತರಗತಿಯಲ್ಲಿ ಒಬ್ಬನೂ ಇಲ್ಲ.

ಗುಳಿಗೆಯ ವಿಷಯದಲ್ಲಿ ಆ ಗುಣ ಒಳ್ಳೆಯದು. ಅಳುತ್ತಾ ಬ್ಯಾಗು ತುಂಬುವ ಹೆಂಡತಿಯ ಮಾತಿಗೆ ಅದು ಸಲ್ಲದು ಎಂದು ನಿಮಗೆ ಯಾರೂ ಕಲಿಸಲಿಲ್ಲವೇ? ದಿನಾ ಸಂಜೆ ಬಸ್ಸಿನ ಸದ್ದು ಕೇಳಿದಾಗ ಬಾಗಿಲಿಗೆ ಬರುತ್ತೇನೆ. ಕೆಲಸ ಮಾತ್ರ ಬಿಡುವುದಿಲ್ಲ. ಅದನ್ನು ಅತ್ತೆಯವರ ಮುಂದೆ ನಾನಲ್ಲ, ನೀವು ಹೇಳಬೇಕೆಂಬ ಆಸೆ ನನಗಿದೆ.

ಅಪ್ಪ ನಿಮ್ಮನ್ನು ಕೇಳುತ್ತಿರುತ್ತಾರೆ. ಆರೋಗ್ಯ ನೋಡಿಕೊಳ್ಳಿ.

ಇನ್ನೂ ನಿಮ್ಮವಳೇ ಆದ,
ನಾಗರತ್ನಾ

ತಾ.ಕ.: ಈ ಪತ್ರದಲ್ಲಿ 'ಬನ್ನಿ' ಎಂದು ಎಲ್ಲೂ ಬರೆದಿಲ್ಲ, ಗಮನಿಸಿ. ಬರೆದಿದ್ದರೆ ನಾಳೆಯೇ ಬಂದುಬಿಡುತ್ತೀರಿ. ಆಮೇಲೆ ನಾನು ಹೇಳಿದ್ದಕ್ಕೆ ಬಂದಿರೋ, ನಿಮಗೇ ನಾನು ಬೇಕಾಗಿ ಬಂದಿರೋ, ಜೀವನಪೂರ್ತಿ ನನಗೆ ತಿಳಿಯುವುದೇ ಇಲ್ಲ.