ಓಣಿ ಓದುವ ದಿನ

ಜಮಖಂಡಿ
ಆಗಸ್ಟ್ ೨೦೧೩

ನನ್ನ ಪೂನಮ್,

ಭಾನುವಾರ ಬನಹಟ್ಟಿಯಿಂದ ಬಂದ ನೀನು ಚಪ್ಪಲಿ ಬಿಡುವ ಮೊದಲೇ ಸುದ್ದಿ ಹೇಳಿದೆ. ನಿನ್ನ ಕಾದಂಬರಿ ಅಚ್ಚಿಗೆ ಹೋಗಿದೆ, ದಸರೆಯ ಹೊತ್ತಿಗೆ ಬಿಡುಗಡೆ. "ಅಕ್ಕೋರ, ಪ್ರಕಾಶಕರು ಇದು ಬೆಸ್ಟ್ ಸೆಲ್ಲರ್ ಆಗತೈತಿ ಅಂದಾರ್ರಿ. ಸೊಸೈಟಿ ಕೆಲಸಕ್ಕ ರಾಜೀನಾಮಿ ಕೊಡಬೇಕಂತ ಮಾಡೀನಿ. ಇನ್ನ ಬರಕೋಂತನ ಇರತೀನಿ," ಎಂದೆ. ನಾನು ಚಹಾಕ್ಕಿಡುವ ನೆಪ ಮಾಡಿ ಒಳಗೆ ಹೋದೆ. ನಿನ್ನ ಮುಖ ಅಷ್ಟು ಬೆಳಗಿತ್ತು. ಅದರ ಮುಂದೆ ನಿಂತು ಹೇಳಲಾಗದ್ದನ್ನು ಈಗ ಬರೆಯುತ್ತಿದ್ದೇನೆ.

ಮೊದಲು ನಿನ್ನ ಕಾದಂಬರಿಯ ಮಾತು. ನೀನು ಕೊಟ್ಟ ಹಸ್ತಪ್ರತಿ ಓದಿ ಮುಗಿಸಿದ್ದೇನೆ. ಕರೆಂಟು ಹೋಗಿ ಮಗ್ಗಗಳೆಲ್ಲ ಒಮ್ಮೆಲೇ ನಿಂತಾಗ, ಆ ತಾಯಿ ಬಹಳ ವರ್ಷದ ಮೇಲೆ ತನ್ನದೇ ದನಿ ಕೇಳಿ ಬೆಚ್ಚುತ್ತಾಳಲ್ಲ, ಅಲ್ಲಿ ನಾನು ಹಾಳೆ ತಿರುವದೆ ಸುಮಾರು ಹೊತ್ತು ಕೂತಿದ್ದೆ. ನನ್ನ ತರಗತಿಯಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂರುತ್ತಿದ್ದ ಹುಡುಗಿ ಇದನ್ನು ಬರೆದಳೇ ಎಂದು ಬೆರಗಾಯಿತು. ಪುಸ್ತಕ ಒಳ್ಳೆಯದಿದೆ. ಆದರೆ ಒಳ್ಳೆಯ ಪುಸ್ತಕ ಎನ್ನುವುದು ಒಂದು ಮಾತು, ಮಾರಾಟವಾಗುವ ಪುಸ್ತಕ ಎನ್ನುವುದು ಇನ್ನೊಂದು. ಎರಡೂ ಒಂದೇ ಮನೆಯಲ್ಲಿ ಇರುವುದು ಅಪರೂಪ.

ನಾನೂ ಹೀಗೆ ಬೆಳಗಿದ್ದೆ. ನಿನಗೆ ಪಾಠ ಮಾಡುವುದಕ್ಕೂ ಮೊದಲು, ತೊಂಬತ್ತೇಳರಲ್ಲಿ, ಬೀಳಗಿ ತಾಲೂಕಿನ ಹೊಳೆಹಾಳಕ್ಕೆ ನನ್ನ ವರ್ಗವಾಯಿತು. ಕುರಿ ಸಾಕುವವರ, ಹೊಲ ಮಾಡುವವರ ಊರು. ನಮ್ಮ ಮನೆಯವರಂತೆಯೇ ಬೀರೇಶ್ವರನ ಒಕ್ಕಲು. ಆಣೆಕಟ್ಟಿನ ಹಿನ್ನೀರಿನಲ್ಲಿ ಊರು ಮುಳುಗುವುದು ಆಗಲೇ ಗೊತ್ತಾಗಿತ್ತು. ಗೋಡೆಗಳ ಮೇಲೆ ಸರ್ವೇಯವರು ಕೆಂಪು ಬಣ್ಣದಲ್ಲಿ ನಂಬರು ಬರೆದಿದ್ದರು. ನಾನು ಅಲ್ಲಿದ್ದ ಕಾಲದಲ್ಲೇ ಜನ ಬಾಗಿಲು, ತೊಲೆ, ಕಡೆಗೆ ಹೊಸ್ತಿಲನ್ನೂ ಕಿತ್ತು ಟ್ರ್ಯಾಕ್ಟರಿಗೆ ಹೇರಿದರು. ಬಾಗಿಲಿಲ್ಲದ ಮನೆಗಳ ಓಣಿಯಲ್ಲಿ ಶಾಲೆ ಮಾತ್ರ ಕೊನೆಯ ತನಕ ನಡೆಯಿತು. ಹೊಳೆಹಾಳದ ಜನ ಚದುರಿದರು. ಕೆಲವರು ಬೀಳಗಿಯ ಹತ್ತಿರದ ಪುನರ್ವಸತಿ ಕೇಂದ್ರಕ್ಕೆ, ಕೆಲವರು ಮುಧೋಳದ ಕಡೆಗೆ, ಕೆಲವರು ಮಗ್ಗದ ಕೆಲಸಕ್ಕೆಂದು ನಿಮ್ಮ ರಬಕವಿ-ಬನಹಟ್ಟಿಗೆ. ನಾನು ಜಮಖಂಡಿಗೆ ಬಂದು ಆ ಓಣಿಯನ್ನೇ ಕಾದಂಬರಿಯಾಗಿ ಬರೆದೆ. ಮನೆಗಳನ್ನು ಇದ್ದ ಸಾಲಿನಲ್ಲೇ ಇಟ್ಟು, ಹೆಸರುಗಳನ್ನು ಮಾತ್ರ ಬದಲಿಸಿದೆ.

ಇಲ್ಲಿನ ಮುದ್ರಣಾಲಯದ ಗಿರಮಲ್ಲಪ್ಪನವರೇ ಪ್ರಕಾಶಕರಾದರು. "ಅಕ್ಕೋರ, ಬರದು ಇಟ್ಕೋರಿ, ದೀಪಾವಳಿಗೆ ಎರಡನೇ ಮುದ್ರಣ," ಎಂದರು. ಸುಳ್ಳು ಹೇಳುವ ಮನುಷ್ಯರಲ್ಲ ಅವರು, ಖರೆ ನಂಬಿದ್ದರು. ಪ್ರಕಾಶಕರು ಪ್ರತಿ ಪುಸ್ತಕವನ್ನೂ ಹಾಗೆ ನಂಬಲೇಬೇಕು, ಇಲ್ಲದಿದ್ದರೆ ಅಚ್ಚಿನ ಯಂತ್ರಕ್ಕೆ ಕೈ ಹಾಕುವುದಕ್ಕೇ ಮನಸ್ಸು ಬರುವುದಿಲ್ಲ. ನಾನೂ ನಂಬಿದೆ. ಸನ್ಮಾನಕ್ಕೆ ಉಡಲೆಂದು ಇಳಕಲ್ ಸೀರೆ ತಂದಿಟ್ಟೆ. ನಗಬೇಡ.

ಬಿಡುಗಡೆಯ ದಿನ ಸಭಾಂಗಣ ತುಂಬಿತ್ತು. ಕೈ ಹಿಡಿದು ಹೊಗಳಿದವರಲ್ಲಿ ಬಹಳ ಮಂದಿ ಬರಿಗೈಯಲ್ಲೇ ಹೋದರು. ಗೆಳತಿಯರು, "ನಮಗೊಂದು ಪ್ರತಿ ಎತ್ತಿಡಬೇ," ಎಂದರು. ಕೊಂಡು ಓದಬಹುದು ಎನ್ನುವುದು ಅವರಿಗೆ ಹೊಳೆಯಲೇ ಇಲ್ಲ, ಅದರಲ್ಲಿ ಕೆಟ್ಟ ಮನಸ್ಸೂ ಇರಲಿಲ್ಲ. ಪತ್ರಿಕೆಯಲ್ಲಿ ನಾಲ್ಕು ಸಾಲು ಬಂತು, ಅದರಲ್ಲಿ ನನ್ನ ಹೆಸರು ತಪ್ಪಾಗಿತ್ತು. ಮುಧೋಳದ ಬಸ್‌ಸ್ಟ್ಯಾಂಡಿನ ಪುಸ್ತಕದಂಗಡಿಗೆ ಹೋಗಿ ದೂರ ನಿಂತು ನೋಡುತ್ತಿದ್ದೆ. ಅಂಗಡಿಯ ಪಾಂಡಪ್ಪನವರು ಒಮ್ಮೆ ಕರೆದು ಸ್ಟೂಲು ಕೊಟ್ಟರು. "ಕುಂದರ್ರಿ ಅಕ್ಕೋರ. ಬಸ್ಸಿಗೆ ಬಂದವ್ರು ನೌಕರಿ ಪರೀಕ್ಷಾ ಪುಸ್ತಕ ಕೇಳ್ತಾರ, ಅಡಗಿ ಪುಸ್ತಕ ಕೇಳ್ತಾರ. ಕಾದಂಬರಿ ಕೇಳಾವ್ರು ಬಂದ್ರ ನಿಮ್ಮದನ್ನ ಮೊದಲ ಕೈಗೆ ಕೊಡ್ತೀನಿ. ಬರಬೇಕಲ್ರಿ ಅವರು," ಎಂದರು. ಮೆಲ್ಲಗೆ ಹೇಳಿದ್ದರಿಂದ ಆ ಮಾತು ಇನ್ನೂ ಆಳಕ್ಕೆ ಇಳಿಯಿತು.

ದೀಪಾವಳಿ ಬಂತು, ಹೋಯಿತು. ಗ್ರಂಥಾಲಯದವರು ಒಂದಿಷ್ಟು ಪ್ರತಿ ಕೊಂಡರು. ಉಳಿದ ಕಟ್ಟುಗಳನ್ನು ಗಿರಮಲ್ಲಪ್ಪನವರು ಸಂಕೋಚದಿಂದಲೇ ನನ್ನ ಮನೆಗೆ ಕಳಿಸಿದರು. ಇದು ನನಗೊಬ್ಬಳಿಗೇ ಆದ ಅನ್ಯಾಯವೆಂದು ವರ್ಷಗಟ್ಟಲೆ ತಿಳಿದಿದ್ದೆ. ಆಮೇಲೆ ಬೇರೆ ಬರಹಗಾರರ ಪರಿಚಯವಾದಾಗ ಗೊತ್ತಾಯಿತು, ಎಲ್ಲರ ಮನೆಯಲ್ಲೂ ಮಂಚದ ಕೆಳಗೆ ಕಟ್ಟುಗಳಿವೆ. ಸಾವಿರ ಪ್ರತಿ ತೀರುವುದಕ್ಕೆ ಹತ್ತು ವರ್ಷ ಹಿಡಿದವರಿದ್ದಾರೆ. ಯಾವುದೋ ಒಂದು ಪುಸ್ತಕ ಓಡುತ್ತದೆ. ಯಾಕೆ ಓಡಿತು ಎಂದು ಅದನ್ನು ಬರೆದವರಿಗೂ ಗೊತ್ತಿರುವುದಿಲ್ಲ, ಮಾರಿದವರಿಗೂ ಇಲ್ಲ. ನನಗೆ ಮಾತ್ರ ಆಗ ಇದ್ಯಾವುದೂ ತಿಳಿದಿರಲಿಲ್ಲ. ನನಗೆ ಬರೆಯಲು ಬರುವುದಿಲ್ಲ ಎಂದುಕೊಂಡೆ. ಪೆನ್ನು ಶಾಲೆಯ ಹಾಜರಿಗಷ್ಟೇ ಸಾಕು ಎಂದು ತೀರ್ಮಾನಿಸಿ ಬರೆಯುವುದನ್ನು ಬಿಟ್ಟುಬಿಟ್ಟೆ.

ಎರಡು ಸಾವಿರದ ಆರರ ಬೇಸಿಗೆಗೆ ಮುಂಚೆ, ಒಂದು ಮಧ್ಯಾಹ್ನ ಖಾಕಿ ಅಂಗಿಯ ಕಂಡಕ್ಟರ್ ಒಬ್ಬರು ನಮ್ಮ ಹೈಸ್ಕೂಲಿಗೆ ಬಂದರು. ಹೆಸರು ಮಾಳಿಂಗರಾಯ, ಹೊಳೆಹಾಳದವರು. ನಾನು ಆ ಊರಲ್ಲಿದ್ದಾಗ ಅವರು ಬೇರೆ ಡಿಪೋದಲ್ಲಿ ಇದ್ದುದರಿಂದ ಮುಖಪರಿಚಯ ಇರಲಿಲ್ಲ. "ಈಗ ಜಮಖಂಡಿ ರೂಟ್ ಸಿಕ್ಕೈತ್ರಿ. ಅದಕ್ಕ ಹುಡಿಕ್ಕೋಂತ ಬಂದ್ನಿ. ಬರೂ ಐತಾರ ನಮ್ಮಲ್ಲಿ ಓಣಿ ಓದೂದೈತಿ. ನೀವು ಬರಬೇಕ್ರಿ," ಎಂದರು. ಓಣಿ ಓದುವುದು ಎಂದರೇನೆಂದು ಕೇಳಿದೆ. "ಬಂದ್ರ ತಿಳಿತೈತ್ರಿ," ಎಂದು ನಕ್ಕು, ಬಸ್ಸಿನ ಹೊತ್ತಾಯಿತೆಂದು ಓಡಿದರು.

ಆ ಭಾನುವಾರ ಹೋದೆ. ಬೀಳಗಿಯಾಚೆಯ ಆ ಪುನರ್ವಸತಿ ಕೇಂದ್ರದಲ್ಲಿ, ಹೊಸದಾಗಿ ಕಟ್ಟಿದ ಬೀರೇಶ್ವರನ ಗುಡಿಯ ಮುಂದೆ ಬೇವಿನ ನೆರಳಿನಲ್ಲಿ ಕಂಬಳಿ ಹಾಸಿದ್ದರು. ಬೆಳಗಿನ ಬಸ್ಸುಗಳಿಗೆ ಮುಧೋಳದ ಕಡೆಯವರು ಬಂದರು, ಬನಹಟ್ಟಿಯವರು ಟೆಂಪೊ ಮಾಡಿಕೊಂಡು ಬಂದರು. ಬಂದವರಲ್ಲಿ ಕೆಲವರು ಚೀಲದಿಂದ ಒಂದೊಂದು ಕಂತೆ ಹಾಳೆ ತೆಗೆದು ಮಾಳಿಂಗರಾಯರ ತಾಯಿ ಮರೆವ್ವನ ಕೈಗೆ ಕೊಟ್ಟರು. ಆಕೆ ಅವನ್ನು ಒಂದರ ಮೇಲೊಂದು ಜೋಡಿಸಿದಳು. ಹತ್ತಿರ ಹೋಗಿ ನೋಡಿದೆ. ನನ್ನ ಪುಸ್ತಕ, ಪೂನಮ್. ಅಧ್ಯಾಯ ಅಧ್ಯಾಯವಾಗಿ ಬಿಡಿಸಿ, ಪ್ರತಿ ಭಾಗಕ್ಕೂ ದಪ್ಪ ಕಾಗದದ ಹೊದಿಕೆ ಹಾಕಿ, ಕುರಿಯ ಉಣ್ಣೆಯ ದಾರದಿಂದ ಹೊಲಿದಿದ್ದರು. ಮಾಳಿಂಗರಾಯರು ಮುಧೋಳದ ಬಸ್‌ಸ್ಟ್ಯಾಂಡಿನಲ್ಲಿ ಕೊಂಡ ಒಂದೇ ಒಂದು ಪ್ರತಿ ಅದು. ಯಾವ ಮನೆಯ ಕಥೆಯೋ ಆ ಮನೆಯವರ ಹತ್ತಿರ ವರ್ಷವಿಡೀ ಆ ಭಾಗ ಇರುತ್ತಿತ್ತು.

ಮಾಳಿಂಗರಾಯರು ಎದ್ದು ನಿಂತು ಓದತೊಡಗಿದರು. ಸ್ಟಾಪಿನ ಹೆಸರು ಕೂಗಿ ಪಳಗಿದ ದನಿ, ಗುಡಿಯ ಹಿಂದಿದ್ದವರಿಗೂ ಕೇಳುತ್ತಿತ್ತು. ನಾನು ಬದಲಿಸಿದ ಹೆಸರುಗಳನ್ನು ಅವರು ಗಣನೆಗೇ ತೆಗೆದುಕೊಳ್ಳಲಿಲ್ಲ. ಊರ ಅಗಸಿ ಬಾಗಿಲ ಬದಿಯ ಮೊದಲ ಮನೆಯ ವಿಷಯ ಓದಿ ನಿಲ್ಲಿಸಿ, "ಅಮಸಿದ್ದಪ್ಪನ ಮನಿ," ಎಂದರು. ಹಾಜರಿಗೆ ಓಗೊಡುವಂತೆ ಗುಂಪಿನಿಂದ ಒಬ್ಬಾಕೆ ಎದ್ದಳು. "ಅದೇವ್ರಿ. ಮಾವ ಹ್ವಾದ ವರ್ಷ ತೀರಿಕೊಂಡ. ಸಣ್ಣಾಕಿ ನರ್ಸ್ ಕಲಿಯಾಕತ್ತಾಳ," ಎಂದು ಹೇಳಿ ಕೂತಳು. ಮಾಳಿಂಗರಾಯರು ಮುಂದಿನ ಮನೆ ಓದಿದರು. "ಪರಸಪ್ಪನ ಮನಿ." "ಅದೇವಿ. ಎರಡ ಎಮ್ಮಿ ತಗೊಂಡೇವಿ. ನನ್ನ ಕಣ್ಣ ಆಪರೇಶನ್ ಆತು." ಹೀಗೆ ಬಾಗಿಲಿಂದ ಬಾಗಿಲಿಗೆ. ಹಿನ್ನೀರಿನ ಅಡಿಗೆ ಹೋದ ಓಣಿಯಲ್ಲಿ ಜನ ನನ್ನ ಕಣ್ಣ ಮುಂದೆ ನಡೆದು ಹೋಗುತ್ತಿದ್ದರು, ಒಬ್ಬರ ಅಂಗಳದಲ್ಲಿ ಇನ್ನೊಬ್ಬರು ನಿಂತು ಸುದ್ದಿ ಕೇಳುತ್ತಿದ್ದರು. ಮುಳುಗಿದ ಮೇಲೆ ಹುಟ್ಟಿದ ಮಕ್ಕಳೂ ತಮ್ಮ ಮನೆ ಬಂದಾಗ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದವು. ಇದನ್ನು ನಾನು ಬರೆದೆನೆಂದು ಹೇಳಿಕೊಳ್ಳಲು ಬಾಯಿ ಬರಲಿಲ್ಲ. ನಾನು ಬರೆದದ್ದಕ್ಕಿಂತ ಅದು ಬಹಳ ದೊಡ್ಡದಾಗಿತ್ತು.

ಓಣಿಯ ಕೊನೆಗೆ ಶಾಲೆ ಬಂತು. ಮಾಳಿಂಗರಾಯರು ಶಾಲೆಯ ಪುಟ ಓದಿ, "ಸಾಲಿ ಅಕ್ಕೋರು," ಎಂದು ನಿಲ್ಲಿಸಿದರು. ನಾನು ಕಾದಂಬರಿಯಲ್ಲಿ ನನ್ನನ್ನು ಎಲ್ಲೂ ಬರೆದುಕೊಂಡಿರಲಿಲ್ಲ. ಎಲ್ಲರೂ ಯಾಕೆ ನನ್ನ ಕಡೆ ತಿರುಗಿದರೆಂದು ತಿಳಿಯಲಿಲ್ಲ. ಪಕ್ಕದಲ್ಲಿ ಕೂತಿದ್ದ ಮರೆವ್ವ ನನ್ನ ಮೊಣಕೈ ಮುಟ್ಟಿದಳು. "ವರ್ಷ ವರ್ಷಾ ನಾವ ಹೇಳ್ತಿದ್ವಿ ಯವ್ವಾ, ಅಕ್ಕೋರು ಜಮಖಂಡ್ಯಾಗ ಅದಾರ, ಛಲೋ ಅದಾರ ಅಂತ. ಈಸಲ ನೀನ ಬಂದೀದಿ. ನೀನ ಹೇಳು."

ಎದ್ದು ನಿಂತೆ. "ಅದೀನ್ರಿ," ಎಂದೆ. ಇದ್ದೇನೆ ಎನ್ನುವ ಆ ಒಂದೇ ಮಾತು. ಅವರಿಗೆ ಅಷ್ಟೇ ಸಾಕಾಯಿತು.

ಊಟದ ಹೊತ್ತಿಗೆ ಮಾಳಿಂಗರಾಯರನ್ನು ಕೇಳಿದೆ. ನನ್ನ ಮನೆಯಲ್ಲಿ ಇಷ್ಟೊಂದು ಪ್ರತಿಗಳಿದ್ದವು, ಒಂದು ಕಾರ್ಡು ಬರೆದಿದ್ದರೆ ಎಲ್ಲರಿಗೂ ಕಳಿಸುತ್ತಿದ್ದೆನಲ್ಲ ಎಂದೆ. ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, "ಅದನ್ನೂ ವಿಚಾರ ಮಾಡಿದ್ವಿ ಅಕ್ಕೋರ. ಮನಿಗೊಂದ ಪುಸ್ತಕ ಆದ್ರ, ಆಮ್ಯಾಲ ಇಲ್ಲಿಗೆ ಯಾರ ಬರ್ತಾರ್ರಿ?" ಎಂದರು.

ಮುಂದಿನ ವಾರವೇ ನಾನು ಮತ್ತೆ ಬರೆಯಲು ಕೂತೆ. ಆ ಎರಡನೆಯ ಪುಸ್ತಕ ಮೊದಲಿನದಕ್ಕಿಂತಲೂ ಕಡಿಮೆ ಹೋಯಿತು. ಅದನ್ನು ಯಾರಾದರೂ ಎಲ್ಲಾದರೂ ಓದುತ್ತಿದ್ದಾರೋ ಇಲ್ಲವೋ, ನನಗೆ ಈವತ್ತಿಗೂ ಸುದ್ದಿ ಬಂದಿಲ್ಲ. ಇದನ್ನು ಮುಚ್ಚಿಡದೆ ಹೇಳುತ್ತಿದ್ದೇನೆ, ಯಾಕೆಂದರೆ ಹೊಳೆಹಾಳದವರು ಪ್ರತಿ ಪುಸ್ತಕಕ್ಕೂ ಸಿಗುವುದಿಲ್ಲ. ಅವರು ಸಿಕ್ಕೇ ಸಿಗುತ್ತಾರೆಂದು ಕಾಯುವುದೂ ಬೆಸ್ಟ್ ಸೆಲ್ಲರ್ ಕನಸಿನಷ್ಟೇ ಕುರುಡು. ನಾನು ಕೊನೆಗೆ ಬರೆಯುತ್ತಾ ಹೋದದ್ದು, ಬರೆಯದ ಆ ವರ್ಷಗಳಲ್ಲಿ ನಾನು ಒಳಗೆ ಒಣಗಿದ್ದೆ ಎಂದು ಆವತ್ತು ತಿಳಿದದ್ದರಿಂದ.

ಆದ್ದರಿಂದ ರಾಜೀನಾಮೆ ಕೊಡಬೇಡ. ಸೊಸೈಟಿಯ ಕೆಲಸ ನಿನ್ನ ಬರವಣಿಗೆಯ ವೈರಿಯಲ್ಲ. ಅಡುಗೆಮನೆ ನಡೆಯುವ ಚಿಂತೆಯನ್ನು ಅದು ಹೊತ್ತರೆ, ನಿನ್ನ ವಾಕ್ಯ ಯಾರ ಮುಂದೆಯೂ ಕೈಚಾಚಬೇಕಾಗಿಲ್ಲ. ಬೆಳಗಿನ ಒಂದು ತಾಸು ನಿನ್ನದಾಗಿ ಇಟ್ಟುಕೋ. ಬಿಡುಗಡೆಯ ದಿನ ಸಂತೋಷವಾಗಿರು, ಹೊಸ ಸೀರೆ ಉಡು, ಹೊಗಳಿದವರ ಮಾತನ್ನು ನಂಬು, ಆದರೆ ಅದರ ಮೇಲೆ ಮನೆ ಕಟ್ಟಬೇಡ. ಅಂಗಡಿಗಳ ಮುಂದೆ ನಿಂತು ಮೈ ಒಣಗಿಸಿಕೊಳ್ಳಬೇಡ. ಮುಂದಿನ ಪುಸ್ತಕದ ಮೊದಲ ಪುಟವನ್ನು ಬಿಡುಗಡೆಗೆ ಮುಂಚೆಯೇ ಬರೆದುಬಿಡು. ನನ್ನ ಮಾತೆಲ್ಲ ಸುಳ್ಳಾಗಿ ನಿನ್ನ ಪುಸ್ತಕ ಓಡಿದರೆ, ಬನಹಟ್ಟಿಗೆ ಬರುವ ಮೊದಲ ಬಸ್ಸಿನಲ್ಲಿ ಪೇಢೆ ಕಟ್ಟಿಸಿಕೊಂಡು ನಾನೇ ಬರುತ್ತೇನೆ.

ನೀನು ಎಂದೂ ಹೆಸರು ಕೇಳದ ಊರಿನಲ್ಲಿ, ನೀನು ಎಂದೂ ಕಾಣದ ಒಬ್ಬಾಕೆ, ಒಲೆಯ ಮೇಲಿನ ಹಾಲು ಮರೆತು ನಿನ್ನ ಒಂದು ಪುಟದ ಮುಂದೆ ನಿಲ್ಲಲಿ. ಅದು ನಿನಗೆ ತಿಳಿಯದಿದ್ದರೂ ನಿನ್ನ ಕೈ ಬರೆಯುತ್ತಲೇ ಇರಲಿ.

ಹರಸುತ್ತ,
ನಿನ್ನ ಅಕ್ಕೋರು
ಲಗಮವ್ವ